ಹೊರಗಿಟ್ಟ ಎರಡು ಎಲೆಗಳು
ಬಾರಿನ ಜೂಜು ಯಂತ್ರ ಎಂದಾಗ ನನ್ನ ಯೋಚನೆ ಹೋಗುವುದು 1891ರ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ, ಸಿಟ್‌ಮನ್ ಮತ್ತು ಪಿಟ್ ಕಂಪನಿಯ ಪೋಕರ್ ಯಂತ್ರಕ್ಕೆ. ಐದು ಉರುಳೆ, ಒಂದೊಂದಕ್ಕೆ ಹತ್ತು ಇಸ್ಪೀಟು ಎಲೆ, ಒಟ್ಟು 50. ಪ್ಯಾಕಿನಲ್ಲಿ ಇರಬೇಕಾದದ್ದು 52. ಸಾಮಾನ್ಯವಾಗಿ ಹೊರಗಿಡುತ್ತಿದ್ದದ್ದು ಇಸ್ಪೀಟ್ (ಸ್ಪೇಡ್) ಜಾತಿಯ ಹತ್ತು ಮತ್ತು ಆಟೀನ್ ಗುಲಾಮ. ಪೋಕರ್ ಆಟದ ಅತಿ ದೊಡ್ಡ ಜೋಡಣೆಯಾದ ರಾಯಲ್ ಫ್ಲಶ್‌ಗೆ ಒಂದೇ ಜಾತಿಯ ಹತ್ತರಿಂದ ಎಕ್ಕದವರೆಗೆ ಐದೂ ಬೇಕು. ಆ ಎರಡು ಎಲೆ ಹೋದರೆ ನಾಲ್ಕರಲ್ಲಿ ಎರಡು ಜಾತಿಯ ದಾರಿಯೇ ಮುಚ್ಚಿತು. ಸಾಲದ್ದಕ್ಕೆ, ಬೇಕಾದ ಎರಡು ಎಲೆ ಒಂದೇ ಉರುಳೆಯಲ್ಲಿದ್ದರೆ ಅವು ಜೊತೆಯಾಗಿ ಬರುವುದು ಸಾಧ್ಯವೇ ಇಲ್ಲ. ಎಲೆ ಜೋಡಿಸುವವನ ಕೈಯಲ್ಲೇ ಅರ್ಧ ಆಟ ಮುಗಿದಿರುತ್ತಿತ್ತು.

ಐದು ಸೆಂಟಿನ ನಿಕಲ್ ಹಾಕಿ ಹಿಡಿ ಎಳೆಯಬೇಕು. ಗೆದ್ದರೆ ಹಣ ಉದುರುತ್ತಿರಲಿಲ್ಲ, ಬಾರಿನವನೇ ನೋಡಿ ಬಿಯರ್ ಅಥವಾ ಸಿಗಾರ್ ಕೊಡುತ್ತಿದ್ದ. ಗೆಲ್ಲುವ ಜೋಡಣೆಗಳು ತೀರಾ ಹೆಚ್ಚು, ಅಷ್ಟನ್ನೂ ಗುರುತಿಸಿ ಹಣ ಕೊಡುವ ಯಂತ್ರ ಕಟ್ಟುವುದು ಕಷ್ಟವಾಗಿತ್ತು.

ಅದನ್ನು ಬಿಡಿಸಿದವನು ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ. 1890ರ ದಶಕದ ಅವನ ಲಿಬರ್ಟಿ ಬೆಲ್‌ನಲ್ಲಿ ಮೂರೇ ಉರುಳೆ, ಐದೇ ಚಿಹ್ನೆ: ಲಾಳ, ಡೈಮಂಡ್, ಇಸ್ಪೀಟ್, ಆಟೀನ್, ಗಂಟೆ. ಮೂರು ಗಂಟೆ ಸಾಲಾದರೆ 50 ಸೆಂಟ್, ಯಂತ್ರವೇ ಉದುರಿಸುತ್ತಿತ್ತು. ಎಷ್ಟು ಅಚ್ಚುಕಟ್ಟಾದ ಕೆಲಸ! ಆದರೂ ನನ್ನ ಮನಸ್ಸು ಆ ಕಾಣೆಯಾದ ಆಟೀನ್ ಗುಲಾಮನ ಹಿಂದೆಯೇ ಸುತ್ತುತ್ತದೆ. ಹಿಡಿ ಎಳೆದವರಲ್ಲಿ ಎಷ್ಟು ಮಂದಿ ಎಲೆಗಳನ್ನು ಎಣಿಸಿ ನೋಡಿದ್ದರೋ.