ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು

ಮಕ್ಕಳಿಗೆ ಅಡುಗೆ ತರಗತಿ ನಡೆಸುವುದು ನನ್ನ ಕೆಲಸ. ಅದರಲ್ಲೂ ಜಾಸ್ತಿ ಬೇಡಿಕೆ ಇರುವುದು ಒಲೆ ಹಚ್ಚದೆ ಮಾಡುವ ಸಿಹಿ ತಿಂಡಿಗಳಿಗೆ. ಬೆಂಕಿ ಇಲ್ಲ, ಬಿಸಿ ಎಣ್ಣೆ ಇಲ್ಲ, ಚಾಕು ಕೂಡ ಹೆಚ್ಚೂಕಡಿಮೆ ಬೇಡ. ಹಾಗಾಗಿ ಇದು ಸಲೀಸು ಅಂತ ಎಲ್ಲರಿಗೂ ಅನಿಸುತ್ತದೆ. ಹೊಸದಾಗಿ ಸೇರುವ ಸಹಾಯಕರಿಗೂ ಹಾಗೇ ಅನಿಸುತ್ತದೆ, ಮೊದಲ ಕಾಲು ಗಂಟೆ ಕಳೆಯುವ ತನಕ.

ಒಂದು ಲೆಕ್ಕದಲ್ಲಿ ಒಲೆ ಇರುವ ತರಗತಿಯೇ ಸುಲಭ. ಒಲೆ ಹತ್ತಿರ ಮಕ್ಕಳು ತಾವಾಗಿಯೇ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಬೇಯಬೇಕು, ಆರಬೇಕು ಅಂದರೆ ಕಾಯುತ್ತಾರೆ. ಒಲೆ ತೆಗೆದ ಕೂಡಲೇ ಆ ಗೆರೆ ಅಳಿಸಿಹೋಗುತ್ತದೆ. ಮೇಜಿನ ಮೇಲಿರುವುದೆಲ್ಲ ಆಗಲೇ ತಿನ್ನುವ ವಸ್ತು. ಎಲ್ಲರ ಕೈಗೂ ಎಟುಕುತ್ತದೆ. ಬಿಸ್ಕೆಟ್ ಪುಡಿ ಮಾಡುವ ಮೊದಲೇ ಅರ್ಧ ಬಿಸ್ಕೆಟ್ ಹೊಟ್ಟೆಯೊಳಗೆ ಹೋಗಿರುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ: ಮಧ್ಯದಲ್ಲಿ ಒಂದು ದೊಡ್ಡ ಪಾತ್ರೆ, ಸುತ್ತ ಮಕ್ಕಳು, ಸರದಿ ಪ್ರಕಾರ ಒಬ್ಬೊಬ್ಬರು ಬಂದು ಕಲಸುವುದು. ಫೋಟೋಗೆ ಚೆನ್ನಾಗಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಹನ್ನೆರಡು ಮಕ್ಕಳಿದ್ದು ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರೂ ಪ್ರತಿ ಮಗು ಹನ್ನೊಂದು ನಿಮಿಷ ಸುಮ್ನೆ ನಿಲ್ಲಬೇಕು. ಆರು ವರ್ಷದ ಮಗುವಿಗೆ ಅದು ಒಂದು ಯುಗ. ಪಕ್ಕದವರ ಜಡೆ ಎಳೆಯುವುದು, ಮೇಜಿನ ಕೆಳಗೆ ತೂರುವುದು, ಕೋಕೋ ಪುಡಿ ಊದುವುದು, ಎಲ್ಲ ಶುರುವಾಗುವುದು ಆ ಹನ್ನೊಂದು ನಿಮಿಷದಲ್ಲಿ. "ಈ ಮಕ್ಕಳು ಹೇಳಿದ ಮಾತೇ ಕೇಳಲ್ಲ" ಅಂತ ದೂರುವವರು ಮೊದಲು ಸಾಲನ್ನು ನೋಡಬೇಕು. ತಂಟೆ ಬರುವುದು ಸಾಲಿನಿಂದ.

ಅದಕ್ಕೇ ನಾನು ದೊಡ್ಡ ಪಾತ್ರೆ ಇಡುವುದೇ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು, ಒಂದು ಚಮಚ, ಒಂದು ತಟ್ಟೆ. ಬಟ್ಟಲು ಸ್ಟೀಲಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಲಿ, ಅಗಲವಾಗಿರಬೇಕು, ತಳ ಸಪಾಟಾಗಿರಬೇಕು. ಕೆಳಗೆ ಒದ್ದೆ ಬಟ್ಟೆಯ ತುಂಡು ಹಾಸಿದರೆ ಕಲಸುವಾಗ ಜಾರುವುದಿಲ್ಲ. ತೊಳೆಯುವ ಸಾಮಾನು ಜಾಸ್ತಿಯಾಗುತ್ತದೆ, ನಿಜ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಬಟ್ಟಲು ಬೇರೆ ಆದಾಗ ಅಳತೆಯೂ ಒಂದು ಮಗುವಿನ ಅಳತೆಗೆ ಇಳಿಯಬೇಕು. ನಾನು ಮತ್ತೆ ಮತ್ತೆ ಮಾಡಿಸುವುದು ಬಿಸ್ಕೆಟ್ ಉಂಡೆ. ಒಂದು ಮಗುವಿಗೆ 25 ಗ್ರಾಂ ಸಾದಾ ಬಿಸ್ಕೆಟ್, ಅಂದರೆ ಸುಮಾರು ನಾಲ್ಕು. ಒಂದು ಟೀ ಚಮಚ ಕೋಕೋ ಪುಡಿ. ಒಂದು ಟೇಬಲ್ ಚಮಚ ಕಂಡೆನ್ಸ್ಡ್ ಮಿಲ್ಕ್, ಇದು ತೂಕದಲ್ಲಿ 20 ಗ್ರಾಂ ಹತ್ತಿರ ಬರುತ್ತದೆ. ಮೇಲೆ ಹೊರಳಿಸಲು ಒಂದಿಷ್ಟು ಒಣಕೊಬ್ಬರಿ ತುರಿ. ಇಷ್ಟರಲ್ಲಿ ಮೂರು ಉಂಡೆ ಆಗುತ್ತದೆ. ಮೂರು ಅನ್ನುವುದು ನನಗೆ ಇಷ್ಟವಾದ ಸಂಖ್ಯೆ. ಒಂದು ಅಲ್ಲೇ ತಿನ್ನಲು, ಎರಡು ಮನೆಗೆ. ಎರಡೇ ಆದರೆ ಮನೆಗೆ ಒಂದೇ ಹೋಗುತ್ತದೆ, ಅಲ್ಲಿ ಅಣ್ಣತಮ್ಮಂದಿರ ಜಗಳ.

ಬಿಸ್ಕೆಟ್ ಪುಡಿ ಮಾಡುವುದನ್ನು ಮಿಕ್ಸಿಗೆ ಕೊಡಬೇಡಿ. ಇಡೀ ತರಗತಿಯಲ್ಲಿ ಮಕ್ಕಳಿಗೆ ತುಂಬ ಖುಷಿ ಕೊಡುವ ಕೆಲಸ ಇದೇ. ಗಟ್ಟಿ ಜಿಪ್ ಕವರಿನಲ್ಲಿ ಬಿಸ್ಕೆಟ್ ಹಾಕಿ, ಗಾಳಿಯನ್ನೆಲ್ಲ ಹೊರಗೆ ಒತ್ತಿ, ಆಮೇಲೆ ಮುಚ್ಚಬೇಕು. ಗಾಳಿ ಒಳಗೇ ಉಳಿದರೆ ಮೊದಲ ಏಟಿಗೇ ಕವರು ಪಟ್ ಅಂತ ಒಡೆದು ಪುಡಿಯೆಲ್ಲ ನೆಲಕ್ಕೆ. ಮೊದಲು ಮುಷ್ಟಿಯಲ್ಲಿ ಒತ್ತುತ್ತಾರೆ, ಆಮೇಲೆ ಮೊಣಕೈ, ಆಮೇಲೆ ಲಟ್ಟಣಿಗೆ. ಕವರಿನ ಮೂಲೆಯಲ್ಲಿ ಒಂದು ದೊಡ್ಡ ಚೂರು ತಪ್ಪಿಸಿಕೊಂಡು ಓಡಾಡುತ್ತಿರುತ್ತದೆ. ಅದನ್ನು ಹುಡುಕಿ ಬೆರಳಲ್ಲಿ ಹಿಂಡುವಾಗ ಅವರ ಮುಖ ನೋಡಬೇಕು! ಪೂರ್ತಿ ಹಿಟ್ಟಾಗಬೇಕು ಅಂತ ಹಠ ಹಿಡಿಯುವ ಮಕ್ಕಳೂ ಇರುತ್ತಾರೆ, ನಾಲ್ಕು ಏಟಿಗೆ ಸಾಕು ಅನ್ನುವವರೂ ಇರುತ್ತಾರೆ. ಎರಡೂ ನಡೆಯುತ್ತದೆ. ಚೂರು ಉಳಿದರೆ ಉಂಡೆ ಸ್ವಲ್ಪ ಕರುಮ್ ಅನ್ನುತ್ತದೆ, ಅಷ್ಟೇ.

ಎಲ್ಲರ ಪುಡಿ ಬಟ್ಟಲಿಗೆ ಬಿದ್ದ ಮೇಲೆ ಕೋಕೋ. ಇದನ್ನು ಚಮಚದಲ್ಲಿ ನಾನೇ ಹಾಕುತ್ತೇನೆ. ಮಕ್ಕಳ ಕೈಗೆ ಕೋಕೋ ಡಬ್ಬಿ ಕೊಡುವುದು, ಫ್ಯಾನಿನ ಕೆಳಗೆ ವಿಭೂತಿ ಬಿಚ್ಚಿಟ್ಟ ಹಾಗೆ. ಅಂದ ಹಾಗೆ, ಫ್ಯಾನ್ ಆರಿಸಿರಬೇಕು.

ಕಂಡೆನ್ಸ್ಡ್ ಮಿಲ್ಕ್ ಹಾಕುವ ಹಂತದಲ್ಲಿ ಸಹಾಯಕರು ಆತುರಪಡುತ್ತಾರೆ. ಕಲಸಿದ ತಕ್ಷಣ ಮಿಶ್ರಣ ಒಣಒಣ ಅನಿಸುತ್ತದೆ. "ಮಿಸ್, ಇನ್ನೊಂಚೂರು" ಅಂತ ಎಲ್ಲ ಕಡೆಯಿಂದ ಕೂಗು. ಅವರ ಮಾತು ಕೇಳಿ ಇನ್ನೊಂದು ಚಮಚ ಸುರಿದರೆ ಮುಗಿಯಿತು, ಕೈಗೆ ಮೆತ್ತಿಕೊಳ್ಳುವ ಅಂಟು. ಬಿಸ್ಕೆಟ್ ಪುಡಿ, ಕೋಕೋ ಎರಡೂ ದ್ರವವನ್ನು ನಿಧಾನಕ್ಕೆ ಹೀರುತ್ತವೆ. ಎರಡು ಮೂರು ನಿಮಿಷ ಚಮಚದ ಬೆನ್ನಿಂದ ಒತ್ತುತ್ತಾ ಇದ್ದರೆ ತಾನಾಗಿ ಕೂಡಿಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಟ್ಟಾಗ ಬೆರಳಿನ ಗುರುತು ಉಳಿದರೆ ಹದ ಬಂದಿದೆ ಅಂತ ಅರ್ಥ. ಉದುರಿದರೆ ಕಾಲು ಟೀ ಚಮಚ ಸೇರಿಸಬಹುದು, ಅದಕ್ಕಿಂತ ಜಾಸ್ತಿ ಬೇಡ. ಅಂಟಿದರೆ ಒಂದು ಬಿಸ್ಕೆಟ್ ಪುಡಿ ಮಾಡಿ ಹಾಕಿ. ಕೆಟ್ಟರೂ ಸರಿಮಾಡಲು ಬರುವ ತಿಂಡಿಯನ್ನೇ ಆರಿಸಿಕೊಳ್ಳಬೇಕು ಅನ್ನುವುದು ಇದಕ್ಕೇ. ಒಬ್ಬರ ಬಟ್ಟಲು ಕೆಟ್ಟರೆ ಅದು ಒಬ್ಬರ ಬಟ್ಟಲು, ಉಳಿದವರ ಕೆಲಸ ನಿಲ್ಲುವುದಿಲ್ಲ.

ಚಾಕೊಲೇಟ್ ಕರಗಿಸಿ ಅದ್ದುವುದು ನೋಡಲು ಚೆಂದ, ಆದರೆ ಗುಂಪಿನಲ್ಲಿ ನಾನು ಮಾಡಿಸುವುದಿಲ್ಲ. ಕರಗಿದ ಚಾಕೊಲೇಟಿಗೆ ಒದ್ದೆ ಚಮಚದಿಂದ ನಾಲ್ಕು ಹನಿ ನೀರು ಬಿದ್ದರೂ ಸಾಕು, ಒಳಗಿನ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಡೀ ಬಟ್ಟಲು ಮುದ್ದೆಗಟ್ಟುತ್ತದೆ. ಮಕ್ಕಳ ಮೇಜಿನಲ್ಲಿ ಒದ್ದೆಯಾಗದ ಚಮಚ ಎಲ್ಲಿದೆ? ಚಾಕೊಲೇಟ್ ಚೂರು ಹಾಕಿ ಉಂಡೆ ಕಟ್ಟಿಸುವುದೂ ಕಷ್ಟ. ಕೋಕೋ ಬೆಣ್ಣೆ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಆಟ ಆಡಿ ಬಂದ ಮಗುವಿನ ಅಂಗೈಗೆ ಅಷ್ಟು ಶಾಖ ಸಾಕು. ಕೋಕೋ ಪುಡಿಗೆ ಈ ತಾಪತ್ರಯ ಇಲ್ಲ.

ಇನ್ನೊಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. "ಹಸಿ ಕುಕೀ ಹಿಟ್ಟು" ಅಂತ ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಹಾಗೇ ತಿನ್ನಿಸುವ ತಿಂಡಿ ಈಗ ಎಲ್ಲ ಕಡೆ ಓಡುತ್ತಿದೆ. ಮೊಟ್ಟೆ ಹಾಕಿಲ್ಲ, ಏನೂ ಆಗಲ್ಲ ಅಂತ ವಾದ. ಆದರೆ ಹಿಟ್ಟು ಕೂಡ ಹಸಿ ಪದಾರ್ಥವೇ. ಹೊಲದಿಂದ ಬಂದ ಗೋಧಿಯನ್ನು ಬೀಸಿದ್ದು ಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ರೋಗಾಣು ಸಾಯುವಷ್ಟು ಶಾಖ ತಾಗಿರುವುದಿಲ್ಲ. ಸಾಲ್ಮೊನೆಲ್ಲಾ, ಇ ಕೋಲೈ ತರಹದ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ಒಲೆ ಬೇಡ ಅಂದರೆ ಆಗಲೇ ಬೆಂದಿರುವ ಪದಾರ್ಥ ಬೇಕು: ಬಿಸ್ಕೆಟ್, ರಸ್ಕ್, ಕಾರ್ನ್‌ಫ್ಲೇಕ್ಸ್. ಅಂಗಡಿಯ ಓಟ್ಸ್ ಚಕ್ಕೆಗಳನ್ನು ತಯಾರಿಸುವಾಗಲೇ ಹಬೆಯಲ್ಲಿ ಬೇಯಿಸಿರುತ್ತಾರೆ, ಹಾಗಾಗಿ ಖರ್ಜೂರದ ಜೊತೆ ಚೆನ್ನಾಗಿ ಒಗ್ಗುತ್ತವೆ. ಖರ್ಜೂರ ಬೀಜ ತೆಗೆದಿದ್ದು ಅಂತ ಪೊಟ್ಟಣದ ಮೇಲೆ ಬರೆದಿದ್ದರೂ ಒಂದೊಂದನ್ನೂ ಬಿಡಿಸಿ ನೋಡಿ. ಒಂದು ಬೀಜ ಉಳಿದರೂ ಹಲ್ಲಿಗೆ ಸಿಗುತ್ತದೆ.

ಹಣ್ಣಿನ ತರಗತಿ ಮಾಡಿಸುವುದಾದರೆ ಬಾಳೆಹಣ್ಣನ್ನು ಕೊನೆಗೆ ಹೆಚ್ಚಿಸಿ. ಕತ್ತರಿಸಿದ ಜಾಗಕ್ಕೆ ಗಾಳಿ ತಾಗಿದರೆ ಹಣ್ಣಿನಲ್ಲಿರುವ ಕಿಣ್ವ ಅದನ್ನು ಕಂದು ಮಾಡುತ್ತದೆ. ನಿಂಬೆರಸ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಮೊಸರು ಹಾಕಿದ ಬಟ್ಟಲುಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು, ಸೆಕೆಯಲ್ಲಿ ಅದಕ್ಕೂ ಕಡಿಮೆ. ಹಾಗಾಗಿ ಅದು ಅಲ್ಲೇ ತಿಂದು ಮುಗಿಸುವ ತಿಂಡಿ, ಮನೆಗೆ ಕಳಿಸುವುದಲ್ಲ.

ಬೇರೆ ಬೇರೆ ಬಟ್ಟಲಿನ ನಿಜವಾದ ಬೆಲೆ ಗೊತ್ತಾಗುವುದು ಅಲರ್ಜಿ ಇರುವ ಮಗು ಬಂದಾಗ. ಹೆಸರು ಬರೆಸಿಕೊಳ್ಳುವಾಗಲೇ ತಂದೆ ತಾಯಿಯನ್ನು ಕೇಳುತ್ತೇನೆ. "ಅಲರ್ಜಿ ಇದೆಯಾ" ಅಂದರೆ ಎಷ್ಟೋ ಜನ ಇಲ್ಲ ಅಂತ ಹೇಳಿ ಮುಂದೆ ಹೋಗುತ್ತಾರೆ. "ಹಾಲು, ಗೋಧಿ, ಶೇಂಗಾ, ಗೋಡಂಬಿ ಬಾದಾಮಿ, ಎಳ್ಳು, ಸೋಯಾ, ಇದರಲ್ಲಿ ಯಾವುದಾದರೂ ತಿಂದರೆ ತೊಂದರೆ ಆಗುತ್ತಾ" ಅಂತ ಒಂದೊಂದೇ ಹೆಸರು ಹೇಳಿ ಕೇಳಿದರೆ ಆಗ ನೆನಪಾಗುತ್ತದೆ. ಶೇಂಗಾ ಆಗದ ಮಗು ಒಂದೇ ಇದ್ದರೂ ಆ ದಿನ ಶೇಂಗಾ ಕೋಣೆಯೊಳಗೇ ಬರುವುದಿಲ್ಲ. ಆ ಮಗುವನ್ನು ಮೂಲೆಯಲ್ಲಿ ಬೇರೆ ಕೂರಿಸುವುದಕ್ಕಿಂತ ಅದು ಎಷ್ಟೋ ವಾಸಿ. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದುವುದು ಪ್ರತಿ ಸಲದ ಕೆಲಸ, ಅದೇ ಬಿಸ್ಕೆಟ್ ಅಂತ ಬಿಡಬಾರದು. ಕಂಪನಿಯವರು ಪದಾರ್ಥ ಬದಲಾಯಿಸುತ್ತಿರುತ್ತಾರೆ.

ಕೈ ತೊಳೆಯಲು ಸೋಪು ನೀರೇ ಬೇಕು, 20 ಸೆಕೆಂಡ್ ಉಜ್ಜಬೇಕು. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲಬಹುದು, ಆದರೆ ಕೈಗೆ ಅಂಟಿದ ಶೇಂಗಾದ ಅಂಶವನ್ನು ತೆಗೆಯುವುದಿಲ್ಲ. ಇದು ಎಷ್ಟೋ ಶಿಕ್ಷಕರಿಗೂ ಗೊತ್ತಿಲ್ಲ. ಐದು ವರ್ಷದೊಳಗಿನವರು ಇದ್ದರೆ ಇಡೀ ಗೋಡಂಬಿ, ಬಾದಾಮಿ ಇಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಜೇನು ಬಳಸಿದ ತಿಂಡಿ ಮನೆಗೆ ಹೋಗುವುದಾದರೆ, ಒಂದು ವರ್ಷದೊಳಗಿನ ಕೂಸಿಗೆ ಅದನ್ನು ನೆಕ್ಕಿಸಬಾರದು ಅಂತ ಹೇಳಿ ಕಳಿಸಿ.

ನೆಕ್ಕುವುದು ಅಂದಾಗ ನೆನಪಾಯಿತು. ಬೆರಳು ನೆಕ್ಕಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ. ನಾನು ಹೇಳುವುದು, "ನಿಮ್ಮ ಬಟ್ಟಲು, ನಿಮ್ಮ ಬೆರಳು. ಉಂಡೆ ಕಟ್ಟಿ ಡಬ್ಬಿಗೆ ಹಾಕಿದ ಮೇಲೆ ಎಷ್ಟು ಬೇಕಾದರೂ ನೆಕ್ಕಿ." ಕೊನೆಗೆ ನೆಕ್ಕಲು ಸಿಗುತ್ತದೆ ಅಂತ ಗೊತ್ತಿದ್ದರೆ ಬಹುತೇಕರು ತಡೆಯುತ್ತಾರೆ. ತಡೆಯಲಾರದವರು ಮತ್ತೆ ಕೈ ತೊಳೆದು ಬರುತ್ತಾರೆ. ನಲ್ಲಿ ತನಕ ಎರಡು ಸಲ ನಡೆದರೆ ಮೂರನೇ ಸಲ ಅವರಿಗೇ ಬೇಜಾರು.

ಅಂಟು ಮುಟ್ಟಲಾರದ ಮಕ್ಕಳು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಬೆರಳುಗಳನ್ನು ಅಗಲಿಸಿ, ಕೈ ದೂರ ಹಿಡಿದು, ಈಗಲೋ ಆಗಲೋ ಅಳುವ ಹಾಗೆ ನಿಂತಿರುತ್ತಾರೆ. "ಮುಟ್ಟು, ಏನೂ ಆಗಲ್ಲ" ಅಂತ ಬಲವಂತ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎರಡು ಚಮಚ ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಉಂಡೆ ಮಾಡುತ್ತಾರೆ. ಇಲ್ಲವೇ ಅಂಗೈಗೆ ಮೊದಲೇ ಕೊಬ್ಬರಿ ತುರಿ ಹಚ್ಚಿಕೊಂಡರೆ ಅಂಟುವುದಿಲ್ಲ. ಇದನ್ನು ನೋಡಿದ ಮೇಲೆ ಪಕ್ಕದವರೂ ತುರಿ ಕೇಳುತ್ತಾರೆ, ಜಾಸ್ತಿ ಇಟ್ಟುಕೊಂಡಿರಿ.

ತಂದೆ ತಾಯಿಗಳ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. ಇಷ್ಟು ಸಕ್ಕರೆ ತಿಂದರೆ ರಾತ್ರಿಯೆಲ್ಲ ಕುಣಿಯುತ್ತಾರೆ, ಅಲ್ವಾ? ಸಕ್ಕರೆಯಿಂದ ಮಕ್ಕಳು ಕುಣಿಯುತ್ತಾರೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 1995ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸಕ್ಕರೆಗೂ ಮಕ್ಕಳ ನಡವಳಿಕೆಗೂ ಸಂಬಂಧ ಕಾಣಲಿಲ್ಲ ಅಂತ ಅದರಲ್ಲಿದೆ. ಹನ್ನೆರಡು ಗೆಳೆಯರು ಒಂದೇ ಕೋಣೆಯಲ್ಲಿ ಸೇರಿದರೆ ಬರೀ ನೀರು ಕುಡಿದರೂ ಕುಣಿಯುತ್ತಾರೆ. ಹಾಗಂತ ಸಕ್ಕರೆ ಲೆಕ್ಕಕ್ಕಿಲ್ಲ ಅಂತಲ್ಲ. ಸೇರಿಸಿದ ಸಕ್ಕರೆ ದಿನದ ಶಕ್ತಿಯ 10%ಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 1500 ಕ್ಯಾಲೊರಿ ಬೇಕಾದ ಮಗುವಿಗೆ ಅದು 37 ಗ್ರಾಂ. ನನ್ನ ಮೂರು ಉಂಡೆಗಳಲ್ಲಿ ಹೆಚ್ಚೂಕಡಿಮೆ 14 ಗ್ರಾಂ ಇದೆ. ಒಂದೇ ಉಂಡೆ ಅಲ್ಲಿ ತಿನ್ನಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ತೊಳೆಯುವ ಮಾತು. ಹನ್ನೆರಡು ಬಟ್ಟಲು, ಹನ್ನೆರಡು ಚಮಚ ನಾನೊಬ್ಬಳೇ ತೊಳೆಯುವುದಿಲ್ಲ. ಎರಡು ಟಬ್ ಇಡುತ್ತೇನೆ, ಒಂದರಲ್ಲಿ ಸೋಪಿನ ಉಗುರುಬೆಚ್ಚಗಿನ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟಲು ನೆಕ್ಕಿ ಮುಗಿಸಿದವರು ಅಲ್ಲಿಗೇ ಹೋಗುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಮುಗಿಸುವುದಿಲ್ಲವಾದ್ದರಿಂದ ಅಲ್ಲೂ ಸಾಲು ಬೆಳೆಯುವುದಿಲ್ಲ. ನೊರೆ ನೀರು ಸಿಕ್ಕ ಮಕ್ಕಳಿಗೆ ಅದು ಕೆಲಸ ಅಂತ ಅನಿಸುವುದೇ ಇಲ್ಲ. ನಾನು ಆಮೇಲೆ ಇನ್ನೊಂದು ಸಲ ತೊಳೆಯುತ್ತೇನೆ, ಅವರು ಹೋದ ಮೇಲೆ.

ಬೇಗ ಮುಗಿಸಿದವರಿಗೆ ಡಬ್ಬಿಯ ಚೀಟಿ ಬರೆಯುವ ಕೆಲಸ. ಒಳಗೆ ಏನೇನು ಹಾಕಿದ್ದೇವೆ ಅಂತ ಅವರೇ ಬರೆಯಬೇಕು, ಯಾಕೆಂದರೆ ಆ ಡಬ್ಬಿ ತೆಗೆಯುವ ಮನೆಯಲ್ಲಿ ಹಾಲು ಆಗದವರು ಇರಬಹುದು. ಒಬ್ಬ ಹುಡುಗ "ಬಿಸ್ಕೆಟ್, ಕೋಕೋ, ಹಾಲು, ಕೊಬ್ಬರಿ, ನನ್ನ ಕೈ" ಅಂತ ಬರೆದಿದ್ದ. ತಪ್ಪೇನಿಲ್ಲ ಅನಿಸಿತು. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸುತ್ತಾರೆ, ಪಕ್ಕದಲ್ಲಿ ನಾನು ಹೆಸರು ಬರೆಯುತ್ತೇನೆ. ಕೊನೆಯಲ್ಲಿ ತಾರೀಕು, ಅದರ ಕೆಳಗೆ "ಫ್ರಿಜ್‌ನಲ್ಲಿಡಿ, ಎರಡು ದಿನದಲ್ಲಿ ತಿನ್ನಿ". ಉಂಡೆ ಇನ್ನೂ ಸ್ವಲ್ಪ ದಿನ ತಡೆಯುತ್ತದೆ, ಆದರೆ ಚೀಟಿಯ ಕೊನೆಯ ಪದಾರ್ಥವನ್ನು ನೆನಪಿಟ್ಟುಕೊಂಡು ನಾನು ಎರಡೇ ದಿನ ಅನ್ನುತ್ತೇನೆ.