ಉಗುಳು, ಕಫ, ಜೊಲ್ಲು

2021ರ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದೆ. ಮೂಗಿಗೆ ಕಡ್ಡಿ ತೂರಿಸದೆ, ಬಾಯಿಯ ರಸದಲ್ಲೇ ಕೊರೊನಾ ಪತ್ತೆ ಮಾಡುವ ಅಗ್ಗದ ವಿಧಾನವೊಂದನ್ನು ಒರೆಗೆ ಹಚ್ಚುವುದು ನಮಗೆ ವಹಿಸಿದ್ದ ಕೆಲಸ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಲೈವಾಡೈರೆಕ್ಟ್ ಪರೀಕ್ಷೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಆಗಸ್ಟ್‌ನಲ್ಲಿ ತುರ್ತು ಅನುಮತಿ ಕೊಟ್ಟಿತ್ತು. ವೈರಾಣುವಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಬೇರ್ಪಡಿಸುವ ದುಬಾರಿ ಹಂತವನ್ನೇ ಅವರು ಕೈಬಿಟ್ಟಿದ್ದರು. ಪ್ರೋಟೀನೇಸ್ ಕೆ ಎಂಬ ಕಿಣ್ವ ಬೆರೆಸಿ, 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದರೆ ಸ್ಯಾಂಪಲ್, ವೈರಾಣುವಿನ ತುಣುಕನ್ನು ಯಂತ್ರದಲ್ಲಿ ಮತ್ತೆ ಮತ್ತೆ ನಕಲಿಸಿ ಪತ್ತೆ ಮಾಡುವ ಪಿಸಿಆರ್‌ಗೆ ಸಿದ್ಧ. ನಮಗೆ ಆ ಪಿಸಿಆರ್ ಯಂತ್ರವೂ ಬೇಡ ಎನ್ನುವ ಹಟ. ಹಾಗಾಗಿ ಒಂದೇ ಬಿಸಿಯಲ್ಲಿ ಆ ನಕಲು ಮಾಡುವ ಲ್ಯಾಂಪ್ ಎಂಬ ವಿಧಾನ ಹಿಡಿದೆವು. 65 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಟ್ಯೂಬ್ ಇಟ್ಟರೆ ಸಾಕು, ವೈರಾಣು ಇದ್ದರೆ ಗುಲಾಬಿ ದ್ರವ ಹಳದಿಯಾಗುತ್ತದೆ. ಬಣ್ಣ ನೋಡಲು ಕಣ್ಣೇ ಸಾಕು.

ನಮ್ಮದೇ ಸಿಬ್ಬಂದಿಯ ಮೇಲೆ ಪ್ರಯೋಗಿಸಿದಾಗ ಎಲ್ಲವೂ ಸರಿಯಿತ್ತು. ಹುರುಪಿನಲ್ಲಿ ಊರಾಚೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋದೆವು. ಬೆಳಗಿನ ಪಾಳಿಯ ಹೆಂಗಸರು ಸಾಲಾಗಿ ನಿಂತಿದ್ದರು. ಮೊದಲ ದಿನದ 40 ಟ್ಯೂಬುಗಳಲ್ಲಿ 11 ಹಳದಿ. ಮೇಲ್ವಿಚಾರಕ ಅಷ್ಟೂ ಜನರನ್ನು ಮನೆಗೆ ಕಳುಹಿಸಿದ. ಸಂಜೆ ಅದೇ ಸ್ಯಾಂಪಲ್‌ಗಳನ್ನು ಆರ್‌ಟಿ-ಪಿಸಿಆರ್‌ಗೆ ಹಾಕಿದರೆ ಪಾಸಿಟಿವ್ ಬಂದದ್ದು ಎರಡೇ. ಉಳಿದ ಒಂಬತ್ತು ಜನರ ಆ ದಿನದ ಕೂಲಿ ಹೋದದ್ದು ನಮ್ಮಿಂದ. ಅದನ್ನು ಯಾರೂ ತುಂಬಿಕೊಡಲಿಲ್ಲ, ನಾವೂ.

ತಪ್ಪು ಎಲ್ಲಿತ್ತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟ್ಯೂಬಿನಲ್ಲಿ ಬಣ್ಣ ಬದಲಿಸುವುದು ಫೀನಾಲ್ ರೆಡ್, ಆಮ್ಲ ಹೆಚ್ಚಾದರೆ ಹಳದಿಗೆ ತಿರುಗುವ ವಸ್ತು. ವೈರಾಣುವಿನ ತುಣುಕು ನಕಲಾಗುತ್ತಾ ಹೋದಂತೆ ದ್ರವ ಆಮ್ಲೀಯವಾಗುತ್ತದೆ, ಪರೀಕ್ಷೆ ನಿಂತಿರುವುದೇ ಇದರ ಮೇಲೆ. ಆದರೆ ಬಾಯಿಯೇ ಆಮ್ಲೀಯವಾಗಿದ್ದರೆ? ಆ ಒಂಬತ್ತರಲ್ಲಿ ಹೆಚ್ಚಿನವು ಬಿಸಿಗೆ ಇಡುವ ಮೊದಲೇ ಹಳದಿಯಾಗಿದ್ದವು. ನಾವು ನೋಡಿರಲೇ ಇಲ್ಲ. ಅರ್ಧ ಗಂಟೆಯ ನಂತರದ ಬಣ್ಣವನ್ನಷ್ಟೇ ನಮೂದಿಸುತ್ತಿದ್ದೆವು.

ಮರುದಿನದಿಂದ ಎರಡು ಬದಲಾವಣೆ. ಸ್ಯಾಂಪಲ್ ಅನ್ನು ತುಸು ಕ್ಷಾರೀಯ ದ್ರಾವಣದಲ್ಲಿ ತೆಳುವಾಗಿಸುವುದು ಒಂದು. ಟ್ಯೂಬನ್ನು ಬಿಸಿಗಿಡುವ ಮೊದಲೂ ಫೋಟೊ ತೆಗೆದು, ಆಗಲೇ ಹಳದಿಯಿದ್ದರೆ ಬದಿಗಿಡುವುದು ಇನ್ನೊಂದು.

ಇಷ್ಟಾದರೂ ಕೆಲವು ಟ್ಯೂಬು ಕಾಡಿದವು. ಐವತ್ತು ದಾಟಿದ ಒಬ್ಬ ಹೆಂಗಸಿನ ಸ್ಯಾಂಪಲ್ ಇಟ್ಟಿಗೆ ಕೆಂಪಿನದು.

‘ಅಮ್ಮಾ, ಅರ್ಧ ಗಂಟೆಯಿಂದ ಏನೂ ತಿಂದಿಲ್ಲ ತಾನೆ?’

‘ಇಲ್ಲಪ್ಪಾ, ಏನೂ ತಿಂದಿಲ್ಲ. ಎಲೆ ಅಡಿಕೆ ಹಾಕಿಕೊಂಡಿದ್ದೆ ಅಷ್ಟೇ.’

ಆಕೆ ಹೇಳಿದ್ದು ಸುಳ್ಳಲ್ಲ. ನಾವು ಅನ್ನ ತಿನ್ನುತ್ತೇವೆ, ಕಾಫಿ ಕುಡಿಯುತ್ತೇವೆ, ಎಲೆ ಅಡಿಕೆ ಹಾಕಿಕೊಳ್ಳುತ್ತೇವೆ. ನಮ್ಮ ಸೂಚನಾ ಚೀಟಿಯಲ್ಲಿ ‘ಏನನ್ನೂ ತಿನ್ನಬಾರದು’ ಎಂದಷ್ಟೇ ಇತ್ತು. ಎಲೆಗೆ ಹಚ್ಚಿದ ಸುಣ್ಣ ಕ್ಷಾರ. ಅಂಥ ಬಾಯಿಯ ರಸದಲ್ಲಿ ವೈರಾಣು ಇದ್ದರೂ ಟ್ಯೂಬು ಹಳದಿಯಾಗದೇ ಉಳಿಯಬಹುದು. ಹುಸಿ ಪಾಸಿಟಿವ್‌ಗಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು. ಆಕೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಬರಬೇಕಾಯಿತು.

ಚೀಟಿಯ ಇನ್ನೊಂದು ಪದವೂ ಕೈಕೊಟ್ಟಿತ್ತು. ‘ಟ್ಯೂಬಿನಲ್ಲಿ ಉಗುಳಿ’ ಎಂದು ಬರೆದಿದ್ದೆವು. ಉಗುಳಿ ಎಂದೊಡನೆ ಜನ ಗಂಟಲು ಕೆರೆದು, ಕ್ಯಾಕರಿಸಿ ಕಫ ತೆಗೆಯುತ್ತಿದ್ದರು. ಅವರದೇನು ತಪ್ಪು? ಕ್ಷಯದ ಪರೀಕ್ಷೆಗೆ ಕಫವೇ ಬೇಕು, ಊರಿನ ಆರೋಗ್ಯ ಕೇಂದ್ರದಲ್ಲಿ ಹಾಗೆ ಕೊಟ್ಟವರೂ ಸಾಲಿನಲ್ಲಿದ್ದರು. ಆದರೆ ಆ ಅಂಟು, ರಸ ಹೀರಿ ಅಳೆಯುವ ಪಿಪೆಟ್ಟಿನ ತುದಿಗೆ ಸಿಕ್ಕಿ ಮೇಲೇರದು. ಏರಿದರೂ ಜೇಡರ ಬಲೆಯ ಎಳೆಯಂತೆ ಜೋತು ಬಿದ್ದು ಪಕ್ಕದ ಟ್ಯೂಬಿನ ಬಾಯಿಗೆ ತಾಗುತ್ತದೆ. ಒಬ್ಬರ ರಸ ಇನ್ನೊಬ್ಬರ ಟ್ಯೂಬಿಗೆ ಬಿದ್ದರೆ ಆ ಸಾಲಿನ ಫಲಿತಾಂಶವೇ ಕೆಟ್ಟಂತೆ. ತುದಿಯನ್ನು ಕತ್ತರಿಸಿ ಅಗಲ ಮಾಡಿಕೊಂಡು, ನಿಧಾನವಾಗಿ ಎಳೆಯುವುದನ್ನು ಕಲಿತೆ. ದಿನಕ್ಕೆ ಇನ್ನೂರು ಟ್ಯೂಬು ಮಾಡುವವನಿಗೆ ನಿಧಾನ ಎನ್ನುವುದೇ ದುಬಾರಿ. ಕೆಲವರದು ಬರೀ ನೊರೆ. ಟ್ಯೂಬು ತುಂಬಿದಂತೆ ಕಾಣುತ್ತದೆ, ನೊರೆ ಇಳಿದ ಮೇಲೆ ತಳದಲ್ಲಿ ನಾಲ್ಕು ಹನಿ.

ನಮಗೆ ಬೇಕಾದದ್ದು ಉಗುಳೂ ಅಲ್ಲ, ಕಫವೂ ಅಲ್ಲ. ತಲೆ ಬಗ್ಗಿಸಿ ಕುಳಿತಾಗ ತುಟಿಯಿಂದ ತಾನಾಗಿ ಇಳಿಯುವ ತಿಳಿ ದ್ರವ. ಅದಕ್ಕೆ ಕನ್ನಡದಲ್ಲಿ ಎಳೆ ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತಿರುವ ಪದವಿದೆ: ಜೊಲ್ಲು. ಹೊಸ ಚೀಟಿಯಲ್ಲಿ ‘ತಲೆ ಬಗ್ಗಿಸಿ, ಕೆಮ್ಮದೆ, ಗೆರೆಯವರೆಗೆ ಜೊಲ್ಲು ಸುರಿಸಿ’ ಎಂದು ಬರೆದೆ. ನಮ್ಮ ಮುಖ್ಯಸ್ಥರು ಮುಖ ಸಿಂಡರಿಸಿ ಅದನ್ನು ಹೊಡೆದುಹಾಕಿ ‘ಲಾಲಾರಸ’ ಎಂದು ತಿದ್ದಿದರು. ಅಂದು ಬೆಳಗ್ಗೆ ಸಾಲಿನಲ್ಲಿ ನಿಂತ ಮೊದಲನೆಯವಳೇ, ‘ಸಾರ್, ಲಾಲಾರಸ ಎಂದರೆ ಯಾವ ಔಷಧಿ?’ ಎಂದು ಕೇಳಿದಳು. ಮಧ್ಯಾಹ್ನಕ್ಕೆ ಪೆನ್ನು ಹಿಡಿದು ಉಳಿದ ಚೀಟಿಗಳಲ್ಲೆಲ್ಲ ಜೊಲ್ಲು ಎಂದು ವಾಪಸ್ ಬರೆದೆ. ಮುಖ್ಯಸ್ಥರು ನೋಡಿದರು, ಏನೂ ಅನ್ನಲಿಲ್ಲ.

ಎಲೆ ಅಡಿಕೆಯ ಅಮ್ಮ ಮುಂದಿನ ವಾರ ಮತ್ತೆ ಬಂದರು. ಚೀಟಿಯನ್ನು ಪಕ್ಕದವಳಿಂದ ಓದಿಸಿಕೊಂಡು, ‘ಈ ವಯಸ್ಸಿನಲ್ಲಿ ಮಗುವಿನ ಹಾಗೆ ಜೊಲ್ಲು ಸುರಿಸು ಎನ್ನುತ್ತೀಯಲ್ಲಪ್ಪಾ’ ಎಂದು ನಕ್ಕು, ಸೆರಗಿನಿಂದ ಮುಖ ಮರೆಮಾಡಿಕೊಂಡು ತಲೆ ಬಗ್ಗಿಸಿದರು. ಟ್ಯೂಬು ಗೆರೆಯವರೆಗೆ ತುಂಬಿತ್ತು. ನೊರೆಯಿಲ್ಲ, ತಿಳಿ ನೀರಿನಂತಿತ್ತು.