ಕೋಂಕ್ ನೋಡೋಕೆ ಅರ್ಧ ದಿನ ಸಾಕಾ?

ಫ್ರಾನ್ಸ್‌ಗೆ ಹೊರಟವರು ಸಿಕ್ಕರೆ ಪ್ಯಾರಿಸ್ ಜೊತೆ ಒಂದು ಹಳ್ಳಿಯನ್ನೂ ನೋಡಿ ಬನ್ನಿ ಅಂತ ಹೇಳುತ್ತೇನೆ. ಯಾವ ಹಳ್ಳಿ ಅಂದರೆ ನನ್ನ ಬಾಯಿಗೆ ಮೊದಲು ಬರುವುದು ಕೋಂಕ್. ಆಗ ಎಲ್ಲರೂ ಕೇಳುವುದು ಒಂದೇ: "ಒಂದು ಚರ್ಚು, ನಾಲ್ಕು ಬೀದಿ. ಕಾರಲ್ಲಿ ಹೋಗಿ ಅರ್ಧ ದಿನದಲ್ಲಿ ನೋಡ್ಕೊಂಡು ಬಂದ್ರೆ ಸಾಕಲ್ವಾ?"

ಸಾಲದು. ಆ ಊರು ಬೆಳೆದಿದ್ದೇ ನಡೆದು ಬರುವವರಿಂದ. ಕೊನೆಯ ಕೆಲವು ಕಿಲೋಮೀಟರಾದರೂ ನಡೆದು ಊರು ಸೇರಿ, ಒಂದು ರಾತ್ರಿ ಅಲ್ಲೇ ಉಳಿಯಿರಿ.

ಕೋಂಕ್ ಇರುವುದು ದಕ್ಷಿಣ ಫ್ರಾನ್ಸ್‌ನ ಅವೆರೋನ್ ಜಿಲ್ಲೆಯಲ್ಲಿ, ಬೆಟ್ಟದ ಮಗ್ಗುಲಲ್ಲಿ.  ಜನ ಇಲ್ಲಿಗೆ ನಡೆದು ಬರುವುದಕ್ಕೆ ಕಾರಣ ಒಂದು ಕಥೆ. ಫುವಾ ಎಂಬ ಹುಡುಗಿ ರೋಮನ್ನರ ಕಾಲದಲ್ಲಿ ತನ್ನ ಕ್ರೈಸ್ತ ನಂಬಿಕೆ ಬಿಡಲೊಲ್ಲದೆ ಅಜಾನ್ ಪಟ್ಟಣದಲ್ಲಿ ಪ್ರಾಣ ಕೊಟ್ಟಳಂತೆ. 9ನೇ ಶತಮಾನದಲ್ಲಿ ಕೋಂಕ್‌ನ ಸನ್ಯಾಸಿಯೊಬ್ಬ ಅವಳ ಅಸ್ಥಿಯನ್ನು ಗುಟ್ಟಾಗಿ ಇಲ್ಲಿಗೆ ತಂದ ಅಂತ ಕಥೆ. ಅಸ್ಥಿಯ ಹಿಂದೆಯೇ ಯಾತ್ರಿಕರೂ ಬಂದರು. ಸ್ಪೇನ್‌ನ ಯಾತ್ರಾಸ್ಥಳ ಸಾಂಟಿಯಾಗೊಗೆ ಹೋಗುವ ಹಾದಿಯಲ್ಲಿ ಇದು ದೊಡ್ಡ ತಂಗುದಾಣವಾಯಿತು. ಹಳೆಯ ಚರ್ಚು ಸಾಲದೆ 11 ಮತ್ತು 12ನೇ ಶತಮಾನಗಳಲ್ಲಿ ಈಗಿನದನ್ನು ಕಟ್ಟಿದರು. ಅದರ ಒಳಗೆ, ಪೂಜೆಯ ಜಾಗದ ಸುತ್ತ ಒಂದು ದಾರಿ ಬಿಟ್ಟಿದ್ದಾರೆ, ನಮ್ಮ ಗುಡಿಗಳ ಪ್ರದಕ್ಷಿಣೆಯ ದಾರಿ ಥರ. ಸನ್ಯಾಸಿಗಳ ಪ್ರಾರ್ಥನೆ ಕೆಡಿಸದೆ ಯಾತ್ರಿಕರು ಸುತ್ತು ಬರಲಿ ಅಂತ.

ಇನ್ನು ಬಾಗಿಲ ಮೇಲಿನ ಕೆತ್ತನೆ. ಇದಕ್ಕೆ ಒಂದು ಗಂಟೆ ಕೊಟ್ಟರೂ ಕಡಿಮೆಯೇ. ಕೊನೆಯ ತೀರ್ಪಿನ ದಿನದ ಚಿತ್ರ, 124 ಆಕೃತಿಗಳು. ನಡುವೆ ಕ್ರಿಸ್ತ, ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕ. ಹಣದ ಚೀಲ ಕೊರಳಲ್ಲಿ ಇಟ್ಟುಕೊಂಡೇ ನೇಣಿಗೆ ಬಿದ್ದ ಜಿಪುಣನಿದ್ದಾನೆ. ಸ್ವರ್ಗದ ಕಡೆ ಫುವಾ ಬಾಗಿ ಬೇಡುತ್ತಿದ್ದಾಳೆ, ದೇವರ ಕೈಯೊಂದು ಅವಳ ಕಡೆ ಚಾಚಿದೆ. ಅವಳ ಹಿಂದೆ ಸಂಕೋಲೆಗಳು ತೂಗುಬಿದ್ದಿವೆ. ಅವಳಿಗೆ ಹರಕೆ ಹೊತ್ತು ಬಿಡುಗಡೆಯಾದ ಕೈದಿಗಳು ತಂದೊಪ್ಪಿಸಿದ ಸಂಕೋಲೆಗಳು ಅಂತ ನಂಬಿಕೆ. ನನಗೆ ಎಲ್ಲಕ್ಕಿಂತ ಇಷ್ಟ ಕಮಾನಿನ ಅಂಚಿನ ಪುಟ್ಟ ಮುಖಗಳು. ಕಲ್ಲಿನ ಅಂಚನ್ನು ಬೆರಳಲ್ಲಿ ಹಿಡಿದು, ಅದರ ಹಿಂದಿನಿಂದ ಇಣುಕಿ ನೋಡುತ್ತಿರುತ್ತವೆ. ಬಸ್ಸಿಗೆ ತಡವಾಯಿತು ಅನ್ನುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ಒಳಗಿನ 104 ಕಿಟಕಿಗಳ ಗಾಜು ಮಾತ್ರ ನಮ್ಮ ಕಾಲದ್ದು. ಪಕ್ಕದ ರೊದೆಜ್‌ನಲ್ಲಿ 1919ರಲ್ಲಿ ಹುಟ್ಟಿದ ಚಿತ್ರಕಾರ ಪಿಯೇರ್ ಸುಲಾಜ್ ಮಾಡಿದ್ದು, 1994ರಲ್ಲಿ ಮುಗಿಯಿತು. ಸಂತರ ಚಿತ್ರವಿಲ್ಲ, ಬಣ್ಣವಿಲ್ಲ. ಬಿಳಿ ಗಾಜು, ಓರೆಯಾಗಿ ಹರಿಯುವ ಕಪ್ಪು ಗೆರೆಗಳು ಅಷ್ಟೇ. ಹೊತ್ತು ಸರಿದ ಹಾಗೆ ಆ ಗಾಜಿನ ಬೆಳಕೂ ಬದಲಾಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು. ಅರ್ಧ ದಿನ ಸಾಲದು ಅನ್ನೋದು ಇದಕ್ಕೂ ಹೌದು.

ಫುವಾಳ ಚಿನ್ನದ ವಿಗ್ರಹ ಇವತ್ತಿಗೂ ಇರುವುದು ಊರವರ ಪುಣ್ಯ. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ ಚರ್ಚಿನ ಒಡವೆಗಳನ್ನೆಲ್ಲ ಬಚ್ಚಿಟ್ಟು ಕಾಪಾಡಿದವರು ಅವರೇ. ಮುಂದೆ 1837ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರ್ ಪ್ರೊಸ್ಪೆರ್ ಮೆರಿಮೆ ಬಂದು, ಹಾಳಾಗುತ್ತಿದ್ದ ಚರ್ಚನ್ನು ನೋಡಿದ ಮೇಲೆ ಸರ್ಕಾರದ ಗಮನ ಇತ್ತ ತಿರುಗಿತು.

ಈಗ ನಡಿಗೆ. ಲ ಪ್ವಿ ಪಟ್ಟಣದಿಂದ ಬರುವ ಜಿಆರ್ 65 ಎಂಬ ದೂರದ ಕಾಲುಹಾದಿ ಕೋಂಕ್‌ಗೆ ಸುಮಾರು 200 ಕಿ.ಮೀ. ಅಷ್ಟು ಬೇಡ, ಸೆನೆರ್ಗ್ ಹಳ್ಳಿಯಿಂದ ಶುರು ಮಾಡಿ, ಹೆಚ್ಚುಕಡಿಮೆ 9 ಕಿ.ಮೀ. ಕೊನೆಗೆ ಕಲ್ಲುಹಾದಿಯ ಕಡಿದಾದ ಇಳಿಜಾರು. ಮಳೆ ಬಂದಿದ್ದರೆ ಜಾರುತ್ತದೆ, ಒಳ್ಳೆ ಶೂ ಇರಲಿ. ಮರ, ಕಂಬ, ಬಂಡೆಗಳ ಮೇಲೆ ಮೇಲೊಂದು ಬಿಳಿ, ಕೆಳಗೊಂದು ಕೆಂಪು ಪಟ್ಟಿ ಬಳಿದಿರುತ್ತಾರೆ. ಅದೇ ಬಣ್ಣದಲ್ಲಿ ಅಡ್ಡಗೀಟು ಕಂಡರೆ ಆ ಕಡೆ ಹೋಗಬೇಡಿ ಅಂತ. ಊರ ಸುತ್ತಿನ ಸಣ್ಣ ಹಾದಿಗಳಿಗೆ ಹಳದಿ ಪಟ್ಟಿ. ಈ ಗುರುತುಗಳನ್ನು ಬಳಿದು ಕಾಪಾಡುವವರು ಹೆಚ್ಚಿನಂಶ ಸಂಬಳವಿಲ್ಲದ ಸ್ವಯಂಸೇವಕರು. ದಾರಿಯಲ್ಲಿ ನೀರು ಖಾಲಿಯಾದರೆ ಹಳ್ಳಿಯ ಸ್ಮಶಾನ ಹುಡುಕಿ, ಸಾಮಾನ್ಯವಾಗಿ ಅಲ್ಲೊಂದು ನಲ್ಲಿ ಇರುತ್ತದೆ.

ಉಳಿಯೋಕೆ ಯಾತ್ರಿಕರ ವಸತಿಗಳಿವೆ, ಜೀತ್ ಅನ್ನುತ್ತಾರೆ. ಚಳಿಗಾಲದಲ್ಲಿ ಅನೇಕವು ಮುಚ್ಚಿರುತ್ತವೆ, ಮೇ–ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಆಲಿಗೊ ಅಂತ ಆಲೂಗಡ್ಡೆಗೆ ಹಸಿ ಚೀಸ್ ಬೆರೆಸಿ ನಾದಿದ ತಿನಿಸು ಸಿಗುತ್ತದೆ, ಬಿಸಿಬಿಸಿ ಇದ್ದಾಗ ಎಳೆಎಳೆಯಾಗಿ ಎದ್ದು ಬರುತ್ತದೆ. ಆದರೆ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುವುದುಂಟು, ಕಟ್ಟುನಿಟ್ಟಿನವರು ಕೇಳಿಕೊಂಡೇ ತಿನ್ನಿ.

ಅಪ್ಪ ಅಮ್ಮನಿಗೆ ಮಂಡಿನೋವು, ನಡೆಯೋಕಾಗಲ್ಲ ಅನ್ನುವವರೂ ಇದ್ದಾರೆ. ಅಂಥವರು ಅಪ್ಪ ಅಮ್ಮನನ್ನು ರೊದೆಜ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಕಾರಿನಲ್ಲಿ ಕರೆದುಕೊಂಡು ಬನ್ನಿ. ಆದರೆ ರಾತ್ರಿ ಉಳಿಯುವುದನ್ನು ಮಾತ್ರ ತಪ್ಪಿಸಬೇಡಿ.